ನಡುಕ ನಿಂತಿತು, ಅಪ್ಪ ಮೌನವಾದರು

ಪ್ರಶ್ನೆ: ಅಪ್ಪನಿಗೆ 64 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಮೂರು ತಿಂಗಳ ಹಿಂದೆ ಡಿಬಿಎಸ್ (ಮೆದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ಸಾಧನದಿಂದ ಪ್ರಚೋದಿಸುವ) ಶಸ್ತ್ರಚಿಕಿತ್ಸೆ ಆಯಿತು. ಕೈನಡುಕ ನಿಂತಿದೆ. ಆದರೆ ಮಾತು ಕಡಿಮೆ, ಯಾವುದರಲ್ಲೂ ಆಸಕ್ತಿಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಇದು ಅಪ್ಪನ ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಶಸ್ತ್ರಚಿಕಿತ್ಸೆಯ ನಂತರ ಡೋಪಮಿನ್ ಹೆಚ್ಚಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ಕಡಿಮೆ ಮಾಡುತ್ತಾರೆ. ಮನಸ್ಸಿನ ಉತ್ಸಾಹಕ್ಕೂ ಡೋಪಮಿನ್ ಬೇಕು. ಅದು ಬೇಗನೆ ತಗ್ಗಿದರೆ ನಿರಾಸಕ್ತಿ, ಖಿನ್ನತೆ ಕಾಣಿಸಬಹುದು. ಬೇಕಾದ ಪದ ಥಟ್ಟನೆ ಹೊಳೆಯದಿರುವುದೂ ಈ ಚಿಕಿತ್ಸೆಯ ಪರಿಚಿತ ಅಡ್ಡಪರಿಣಾಮ. ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅತಿಯಾದ ಹುಮ್ಮಸ್ಸು, ದುಂದುವೆಚ್ಚ, ಮುಂಗೋಪ, ನಿದ್ರೆಗೇಡು ಕಾಣುತ್ತವೆ. ಎಲೆಕ್ಟ್ರೋಡ್ ಪ್ರಚೋದನೆ ಮನೋಭಾವದ ನರಜಾಲಕ್ಕೂ ಹರಡುವುದು ಅದಕ್ಕೊಂದು ಕಾರಣ.

ಅಪ್ಪನ ಬದಲಾವಣೆಗಳನ್ನು ದಿನಾಂಕದೊಂದಿಗೆ ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ. ಮಾತ್ರೆಯ ಪ್ರಮಾಣ, ಸಾಧನದ ಸೆಟ್ಟಿಂಗ್ ಎರಡನ್ನೂ ಅವರು ಹೊಂದಿಸಬಲ್ಲರು. ಮನೋವೈದ್ಯರ ನೆರವೂ ಇರಲಿ. ನೀವಾಗಿಯೇ ಮಾತ್ರೆ ಬದಲಿಸಬೇಡಿ, ನಿಲ್ಲಿಸಬೇಡಿ. ಬದುಕು ಸಾಕೆಂಬ ಮಾತು ಬಂದರೆ ಅಪ್ಪನನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಧೈರ್ಯವಾಗಿರಿ, ಸಕಾಲದಲ್ಲಿ ಗಮನಿಸಿದರೆ ಹಲವರು ಚೇತರಿಸಿಕೊಳ್ಳುತ್ತಾರೆ.