ಅಮ್ಮನ ಖಾತೆಗೆ ಎಷ್ಟು, ನಿಮ್ಮ ಖಾತೆಗೆ ಎಷ್ಟು?

ದುಬೈಯಿಂದ ತಾಯಿಗೆ ಕಳಿಸುವ ಹಣಕ್ಕೆ ತೆರಿಗೆ ಬೀಳುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಮಗ ತಾಯಿಗೆ ಕೊಡುವ ಹಣ ಎಷ್ಟೇ ಇರಲಿ, ಅದಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ಅದನ್ನು ಅವರು ಎಫ್‌ಡಿ ಇಟ್ಟರೆ ಬಡ್ಡಿ ಅವರ ಆದಾಯ. ನೀವು ಕೊಟ್ಟ ಹಣವನ್ನು ಹೆಂಡತಿ ಎಫ್‌ಡಿ ಇಟ್ಟರೆ ಆ ಬಡ್ಡಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಮನೆಖರ್ಚಿಗೆ ಬೇಕಾದಷ್ಟನ್ನು ಅಮ್ಮನಿಗೆ ಕಳಿಸಿ, ಉಳಿದದ್ದನ್ನು ನಿಮ್ಮ ಎನ್‌ಆರ್‌ಇ ಖಾತೆಯಲ್ಲಿಡಿ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಾಯಿಸಿಕೊಳ್ಳಿ.

ಇನ್ನೊಂದು ಮಾತು: ‘ಶುಲ್ಕವಿಲ್ಲ’ ಎಂಬ ಫಲಕಕ್ಕೆ ಮರುಳಾಗಬೇಡಿ, ದರ ಕೇಳಿ. ದಿರ್ಹಮ್‌ಗೆ 10 ಪೈಸೆ ಕಡಿಮೆ ಕೊಟ್ಟರೂ 5,000 ದಿರ್ಹಮ್ ಕಳಿಸುವಾಗ 500 ರೂಪಾಯಿ ಕೈಬಿಟ್ಟಂತೆ. ರಸೀದಿಗಳನ್ನು ಜೋಪಾನವಾಗಿಡಿ.