ಹೊಸ ಗಾಡಿ, ನಂಬಿದ ಕಂಪನಿ: ದುಡ್ಡು ಕೊಡುವ ಮೊದಲು ನಿಮ್ಮ ಓಡಾಟ ನೋಡಿ

ಈ ವಾರ ಬೆಳೆ ಬಿಟ್ಟು ಗಾಡಿ ವಿಷಯ. ಹೋದ ತಿಂಗಳು ಇಬ್ಬರು ರೈತರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. "ಅಪ್ಪನ ಕಾಲದಿಂದ ಒಂದೇ ಕಂಪನಿ ಪಿಕಪ್ ಓಡಿಸ್ತಿದೀವಿ. ಅದೇ ಕಂಪನಿ ಹೊಸದು ತಗೊಂಡ್ರೆ ಇನ್ನೂ ಗಟ್ಟಿ ಇರುತ್ತಲ್ವಾ?" ಹಾಗಂದುಕೊಂಡೇ ನಾನೂ 2022ರಲ್ಲಿ ಹೊಸದು ತಂದವನು.

ನಮ್ಮ ತೋಟ ಹರಿಹರದ ಪಕ್ಕ. ವಾರಕ್ಕೆ ನಾಲ್ಕು ದಿನ ದಾವಣಗೆರೆಗೆ ಸೊಪ್ಪು ಹಾಕ್ತೀನಿ, ಹದಿನೈದು ಕಿಲೋಮೀಟರ್ ದಾರಿ. ಎರಡನೇ ಬೇಸಿಗೆಯಲ್ಲಿ ಒಂದು ದಿನ ಕೊತ್ತಂಬರಿ, ಮೆಂತ್ಯ ತುಂಬಿಕೊಂಡು ಬೆಳಗಿನ ಜಾವ ಹೊರಟೆ. ಹೆದ್ದಾರಿ ಹತ್ತುವಷ್ಟರಲ್ಲಿ ಮೀಟರ್‌ನಲ್ಲಿ ದೀಪ ಹತ್ತಿತು, ಗಾಡಿ ಎಳೆಯುವುದನ್ನೇ ಬಿಟ್ಟಿತು. ಎಷ್ಟು ಒತ್ತಿದರೂ ಎತ್ತಿನಗಾಡಿ ವೇಗ. ಕಂಪ್ಯೂಟರ್ ಹಾಕಿ ನೋಡುವವರು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಆ ದಿನದ ಸೊಪ್ಪು ದನಗಳಿಗೆ ಹೋಯಿತು.

ಆದದ್ದು ಇಷ್ಟು. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಬಿಎಸ್-6. ಅದಕ್ಕೋಸ್ಕರ ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎನ್ನುವ ಫಿಲ್ಟರ್ ಕೂರಿಸಿದ್ದಾರೆ. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬಂದಾಗ ಮಸಿ ಸುಟ್ಟು ಫಿಲ್ಟರ್ ಖಾಲಿಯಾಗುತ್ತದೆ. ಆ ಕಾವಿಗೆ ಗಾಡಿ ನಿಲ್ಲದೆ ಇಪ್ಪತ್ತು ನಿಮಿಷವಾದರೂ ಒಂದೇ ವೇಗದಲ್ಲಿ ಓಡಬೇಕು. ನನ್ನದು ತೋಟದ ರಸ್ತೆ, ಗೇಟು, ಮಂಡಿ ಮುಂದೆ ಎಂಜಿನ್ ಆನ್ ಇಟ್ಟು ಕಾಯುವುದು. ಮಸಿ ಸುಡಲು ಶುರುವಾದಾಗೆಲ್ಲ ನಾನು ಕೀ ತೆಗೀತಿದ್ದೆ. ಹೀಗೆ ಅರ್ಧಕ್ಕೆ ನಿಂತಾಗ ಡೀಸೆಲ್ ಎಂಜಿನ್ ಆಯಿಲ್‌ಗೂ ಇಳಿಯಬಹುದು. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ ಸುಮ್ಮನಿರಬೇಡಿ.

ಹಾಗಾದರೆ ಹೊಸ ಗಾಡಿ ಕೆಟ್ಟದ್ದಾ? ಅಲ್ಲ. ಸ್ಟಾರ್ಟಿಂಗು, ಬ್ರೇಕು, ಮೈಲೇಜು ಎಲ್ಲ ನಮ್ಮ 2008ರ ಗಾಡಿಗಿಂತ ಮೇಲು. ಸಣ್ಣಪುಟ್ಟ ರಿಪೇರಿಯಂತೂ ಬಹಳ ಕಡಿಮೆ. ಆದರೆ ಕಂಪನಿ ಹೆಸರು ನೋಡಿ ನಂಬುವುದು ಬೀಜದ ಪ್ಯಾಕೆಟ್ ಮೇಲಿನ ಹೆಸರು ನೋಡಿ ನಂಬಿದ ಹಾಗೆ. ಹತ್ತು ವರ್ಷ ಬೆಳೆದು ನೋಡಿದ ಟೊಮ್ಯಾಟೊ ತಳಿ ಬೇರೆ, ಅದೇ ಕಂಪನಿ ಈ ವರ್ಷ ಬಿಟ್ಟ ತಳಿ ಬೇರೆ. ನಾವು ನಂಬಿದ್ದು ಹಳೇ ಎಂಜಿನ್ನನ್ನು, ಕೊಂಡದ್ದು ಬೇರೆಯದನ್ನು. ಹೊಸ ಎಂಜಿನ್ ಬಂದ ಮೊದಲ ವರ್ಷ ತಗೊಳ್ಳೋದಕ್ಕಿಂತ ಒಂದೆರಡು ವರ್ಷ ಬೇರೆಯವರು ಓಡಿಸಲಿ ಅಂತ ಬಿಡುವುದು ಜಾಣತನ.

ಇನ್ನೊಂದು ವಿಷಯ, ರಿಪೇರಿ. ಹರಿಹರ ಅಂದ್ರೆ ಮೈಸೂರು ಕಿರ್ಲೋಸ್ಕರ್ ಲೇತ್ ಮಷಿನ್‌ಗಳ ಊರು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಆ ಲೇತ್‌ಗಳು ಇನ್ನೂ ತಿರುಗ್ತಾ ಇವೆ. ಹಳೇ ಪಿಕಪ್ಪಿನ ಬುಷ್ ಸವೆದರೆ ನಮ್ಮ ಮೇಸ್ತ್ರಿ ಅಂಥದ್ದರಲ್ಲೇ ಕಡೆಸಿಕೊಂಡು ಬಂದು ಸಂಜೆಗೆ ಗಾಡಿ ಕೊಡ್ತಾರೆ. ಹೊಸದನ್ನು ತಂದಾಗ ಅವರು ಬಾನೆಟ್ ಎತ್ತಿ ನೋಡಿ, "ಸೆನ್ಸಾರ್ ಲೇತ್‌ನಾಗೆ ಕಡೆಯಾಕ್ ಬರಲ್ಲ ನೋಡ್ರಿ" ಅಂದಿದ್ದರು. ಹೊಸ ಗಾಡಿ ಕೆಡುವುದು ಅಪರೂಪ, ಕೆಟ್ಟರೆ ಊರಲ್ಲಿ ಸರಿಯಾಗಲ್ಲ. ಕೊಳ್ಳುವ ಮೊದಲು ಸರ್ವಿಸ್ ಸೆಂಟರ್ ಎಷ್ಟು ದೂರ, ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕು ಅಂತ ಅದೇ ಮಾಡೆಲ್ ಇಟ್ಟಿರುವ ಇಬ್ಬರನ್ನು ಕೇಳಿ. ಶೋರೂಂನವರನ್ನಲ್ಲ.

ಈಗಾಗಲೇ ಬಿಎಸ್-6 ಡೀಸೆಲ್ ಇದ್ದವರು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಲ್ಲದೆ ಓಡಿಸಿ. ನಾನು ರಾಣೆಬೆನ್ನೂರಿನ ಕಡೆ ಹೋಗಿ ಬರ್ತೀನಿ. ಡಿಪಿಎಫ್ ದೀಪ ಹತ್ತಿದರೆ ಆಫ್ ಮಾಡುವ ಮೊದಲು ಕೈಪಿಡಿ ನೋಡಿ. ಡಿಪಿಎಫ್ ಎಂಜಿನ್‌ಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಅಂಗಡಿಯವರು ಕೊಟ್ಟದ್ದನ್ನು ಸುರಿಯಬೇಡಿ. ಗೊಬ್ಬರ, ಹಿಂಡಿ ಇಟ್ಟ ಶೆಡ್ಡಲ್ಲಿ ನಿಲ್ಲಿಸಬೇಡಿ, ಇಲಿ ವೈರ್ ಕಡಿಯುತ್ತೆ. ಹಳೇ ಗಾಡಿಯಲ್ಲಿ ಒಂದು ವೈರ್ ಸುತ್ತಿ ಟೇಪ್ ಹಾಕಿದ್ರೆ ಆಗ್ತಿತ್ತು, ಇದರಲ್ಲಿ ಗಾಡಿಯೇ ನಿಲ್ಲಬಹುದು.

ಟ್ರ್ಯಾಕ್ಟರ್ ನೋಡುತ್ತಿರುವವರಿಗೂ ಒಂದು ಮಾತು: 50 ಎಚ್‌ಪಿ ಮೇಲಿನವಕ್ಕೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಕೊಳ್ಳುವಾಗ ಇದೇ ಪ್ರಶ್ನೆಗಳನ್ನು ಅಲ್ಲೂ ಕೇಳಿ.

ಹಳೇ ಗಾಡಿ ನಾನು ಮಾರಿಲ್ಲ. 8 ವರ್ಷ ದಾಟಿದ್ದರಿಂದ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಹೊಗೆಯೂ ಜಾಸ್ತಿ. ಸಾವಯವ ಅಂತ ಸೊಪ್ಪು ಮಾರುವವನಿಗೆ ಅದೊಂದು ಮುಜುಗರ. ಆದರೂ ದಾವಣಗೆರೆಗೆ ಸೊಪ್ಪು ಅದರಲ್ಲೇ ಹೋಗುತ್ತೆ, ಬೆಂಗಳೂರಿಗೆ ಪಪ್ಪಾಯಿ ಹೊಸದರಲ್ಲಿ.