ಮಳೆನಕ್ಷತ್ರಗಳ ಲೆಕ್ಕ ಮತ್ತು ಜನಾರೋಗ್ಯ: ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳನ್ನು ಕುರಿತು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕೃಷಿಕರು ವರ್ಷವನ್ನು ತಿಂಗಳುಗಳಿಗಿಂತ ಹೆಚ್ಚಾಗಿ ಮಳೆನಕ್ಷತ್ರಗಳಿಂದ ಅಳೆಯುತ್ತ ಬಂದವರು. ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಮಳೆಗೂ ಹೊಲದಲ್ಲಿ ಒಂದು ಕೆಲಸವಿದ್ದಂತೆ, ಆಯಾ ಕಾಲಕ್ಕೆ ಒಂದು ಕಾಯಿಲೆಯ ನಿರೀಕ್ಷೆಯೂ ಇತ್ತು. ಬೇಸಿಗೆಯಲ್ಲಿ 'ಅಮ್ಮ', ಹೊಸನೀರು ಬಂದಾಗ ವಾಂತಿಭೇದಿ, ಸೋನೆ ಹಿಡಿದಾಗ ಶೀತ ಮತ್ತು ಚಳಿಜ್ವರ. ಋತುಮಾನವು ಅಸ್ಥಿರವಾಗುತ್ತಿರುವ ಈ ದಿನಗಳಲ್ಲಿ ಆ ಲೆಕ್ಕವು ಎಲ್ಲಿ ತಪ್ಪುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಭಾಗದ ಆರೋಗ್ಯಭಾಷೆಯ ಕೇಂದ್ರಪದ 'ನಂಜು'. ವಿಷವೆಂಬ ಮೂಲಾರ್ಥವುಳ್ಳ ಈ ಪದ ಕೀವುಗಟ್ಟಿದ ಗಾಯಕ್ಕೂ, ಒಗ್ಗದ ಆಹಾರಕ್ಕೂ ಸಲ್ಲುತ್ತದೆ. ಬದನೆಕಾಯಿ ನಂಜೆಂದು ಪಥ್ಯದವರಿಗೆ ಬಡಿಸದಿರುವುದು ಇಂದಿಗೂ ಉಂಟು. ನಂಜನ್ನುಂಡವನೇ ನಂಜುಂಡ. ಪಟ್ಟದಾನೆಯ ಕಣ್ಣು ವಾಸಿಯಾದುದಕ್ಕೆ ಟಿಪ್ಪು ಸುಲ್ತಾನನು ಈ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬ ಐತಿಹ್ಯ ಪ್ರಸಿದ್ಧವಾದುದು. ಶಾಸ್ತ್ರಪರಂಪರೆಯಲ್ಲಿಯೂ ಕಾಲ ಮತ್ತು ರೋಗಗಳ ಸಂಬಂಧದ ಚಿಂತನೆ ಇದೆ. ಹಿಂದಿನ ಋತುವಿನ ಕೊನೆಯ 7 ದಿನ, ಮುಂದಿನದರ ಮೊದಲ 7 ದಿನ ಸೇರಿದ ಋತುಸಂಧಿಯಲ್ಲಿ ಎಚ್ಚರದಿಂದಿರಬೇಕೆನ್ನುತ್ತದೆ ಅಷ್ಟಾಂಗಹೃದಯ. ಚರಕಸಂಹಿತೆಯ ವಿಮಾನಸ್ಥಾನವು ವಾಯು, ಉದಕ, ದೇಶ, ಕಾಲಗಳು ಕೆಟ್ಟಾಗ ಇಡೀ ಜನಪದವೇ ರೋಗಕ್ಕೀಡಾಗುವುದೆಂದು ಹೇಳುತ್ತದೆ. ಇವನ್ನು ಮೂಢನಂಬಿಕೆಯೆಂದು ತಳ್ಳುವುದೂ, ಆಧುನಿಕ ವಿಜ್ಞಾನಕ್ಕಿಂತ ಮಿಗಿಲೆಂದು ಕೊಂಡಾಡುವುದೂ ಸುಲಭ. ಇವು ಕಾಲವು ಕ್ರಮಬದ್ಧವಾಗಿದ್ದಾಗ ರೂಪುಗೊಂಡ ತಿಳಿವಳಿಕೆಗಳು ಎಂಬುದೇ ಇಲ್ಲಿ ಮುಖ್ಯ.

ಈ ಸೀಮೆಯ ಮಳೆಯ ಸ್ವರೂಪವೇ ವಿಶಿಷ್ಟ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವುದರಿಂದ ಇಲ್ಲಿ ಹೆಚ್ಚು ಮಳೆಯಾಗುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಕಪಿಲೆ ಉಕ್ಕುವುದಾದರೋ ವಯನಾಡಿನ ಜುಲೈ, ಆಗಸ್ಟ್ ಮಳೆಯಿಂದ. 2018 ಮತ್ತು 2019ರಲ್ಲಿ ಕಬಿನಿ ಜಲಾಶಯದಿಂದ ಹರಿದ ನೀರು ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಮುಳುಗಿಸಿ ತಗ್ಗಿನ ಬೀದಿಗಳಿಗೆ ನುಗ್ಗಿತು. ತನ್ನ ಊರಿನ ಆಕಾಶವನ್ನು ನೋಡಿ ಲೆಕ್ಕ ಹಾಕುವವನಿಗೆ ಬೇರೊಂದು ರಾಜ್ಯದ ಮಳೆ ತರುವ ನೆರೆ ಕಾಣದು. ನೆರೆಯಿಳಿದ ಮೇಲೆ ಕಲುಷಿತ ನೀರಿನಿಂದ ವಾಂತಿಭೇದಿಯ, ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ನಾಟಿ ಮಾಡುವವರಿಗೆ ಇಲಿಜ್ವರದ ಭಯವಿರುತ್ತದೆ.

ಆದರೆ ಲೆಕ್ಕ ಹೆಚ್ಚು ತಪ್ಪಿರುವುದು ನೆರೆಯಲ್ಲಲ್ಲ, ನೀರಿನ ಬರದಲ್ಲಿ. ಜ್ವರವು ಮಳೆಗಾಲದ್ದೆಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಮಳೆಯೇ ಬೇಕೆಂದಿಲ್ಲ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬಂದರೆ ಮನೆಯವರು ತೊಟ್ಟಿ, ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ. ಆ ತಿಳಿನೀರಿನಲ್ಲಿಯೇ ಅದು ಮೊಟ್ಟೆಯಿಡುತ್ತದೆ. ಪಾತ್ರೆ ಬರಿದಾದರೂ ಒಳಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು ನೀರು ಸೋಕಿದಾಗ ಮರಿಯಾಗುತ್ತವೆ. ಉಷ್ಣತೆ ಏರಿದಂತೆ, ಒಂದು ಮಿತಿಯವರೆಗೆ, ಸೊಳ್ಳೆಯ ದೇಹದಲ್ಲಿ ವೈರಾಣು ಪಕ್ವವಾಗುವ ಅವಧಿಯೂ ಕುಗ್ಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 2024ರ ಬೇಸಿಗೆ ಕಡುಬಿಸಿಲಿನದಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಈ ಮೂರಕ್ಕೂ ನೇರ ಕಾರ್ಯಕಾರಣ ಸಂಬಂಧವನ್ನು ಕಟ್ಟಲಾಗದಿದ್ದರೂ ಅವುಗಳ ಅನುಕ್ರಮ ಗಮನಾರ್ಹ.

ಹೊಸ ರೋಗಗಳ ಹೆಸರುಗಳೂ ಜನರಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಚಳಿಜ್ವರವೆಂಬ ಮಾತಿನಲ್ಲಿ ಲಕ್ಷಣವಿದೆ. 2006ರಲ್ಲಿ ಚಿಕೂನ್‌ಗುನ್ಯ ರಾಜ್ಯದಲ್ಲಿ ವ್ಯಾಪಕವಾಗಿ ಹಬ್ಬಿದಾಗ ಅದು ಜನರ ಬಾಯಲ್ಲಿ 'ಚಿಕನ್ ಗುನ್ಯ'ವಾಯಿತು; ಕೋಳಿಮಾಂಸದಿಂದ ಬರುವುದೆಂಬ ತಪ್ಪುಗ್ರಹಿಕೆಗೂ ಎಡೆಯಾಯಿತು. ಸೊಳ್ಳೆಯ ಸುಳಿವು ಆ ಹೆಸರಿನಲ್ಲಿರಲಿಲ್ಲ.

ಇಲ್ಲಿ ಒಂದು ಆಚರಣೆಯನ್ನು ಉಲ್ಲೇಖಿಸಬಹುದು. ನಂಜುಂಡೇಶ್ವರನ ಒಕ್ಕಲಿನ ಮನೆಗಳಲ್ಲಿ ಸೋಮವಾರ ಮನೆ ಸಾರಿಸಿ, ಪಾತ್ರೆಪಡಗ ಬೆಳಗಿ, ಮಿಂದು ಮಡಿಯುಡುವ ರೂಢಿಯಿದೆ. ಈಡಿಸ್‌ನ ಮೊಟ್ಟೆ ಸೊಳ್ಳೆಯಾಗಲು ಬೇಕಾದುದು ಸುಮಾರು 7ರಿಂದ 10 ದಿನ. ವಾರಕ್ಕೊಮ್ಮೆ ನೀರಿನ ಪಾತ್ರೆಯನ್ನು ಬರಿದುಮಾಡಿ ಉಜ್ಜಿದರೆ ಆ ಸರಣಿ ಕಡಿಯುತ್ತದೆ. ಹಂಡೆ, ಕೊಳಗಗಳು ಈ ಸೋಮವಾರದ ತೊಳೆತಕ್ಕೆ ಸೇರುತ್ತವೆ. ಹಿತ್ತಲಿನ ಇನ್ನೂರು ಲೀಟರಿನ ನೀಲಿ ಡ್ರಮ್ಮು ಸೇರುವುದಿಲ್ಲ. ನೀರಿಲ್ಲದ ಏಪ್ರಿಲ್‌ನಲ್ಲಿ ಅದನ್ನು ಬಗ್ಗಿಸಿ ಚೆಲ್ಲಿರೆಂದು ಯಾವ ಗೃಹಿಣಿಗೂ ಹೇಳುವಂತಿಲ್ಲ. ಬಾಯಿಗೆ ಬಟ್ಟೆ ಬಿಗಿದು ಕಟ್ಟಿರೆಂದಷ್ಟೇ ಹೇಳಬಹುದು.